ಭಂಡಾರಕ್ಕೆ ಜಗ್ಗದ ಕ್ಯಾಬಿನೆಟ್

ಕಂಪ್ಯೂಟರಿನ ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡು ಜೋಡಿಸಿಕೊಳ್ಳುವವರು ಅವನ್ನೆಲ್ಲ ಕೂರಿಸುವ ಪೆಟ್ಟಿಗೆಗೆ ಕ್ಯಾಬಿನೆಟ್ ಎನ್ನುತ್ತಾರೆ. ಅದನ್ನು ಆರಿಸುವಾಗ ಕೆಲವರು ಗಾಜು ನೋಡುತ್ತಾರೆ, ಕೆಲವರು ಬಣ್ಣದ ದೀಪ ನೋಡುತ್ತಾರೆ. ನಾನು ಪುಣೆಯ ಅಂಗಡಿ ಅಂಗಡಿ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ಹಿಡಿ ತುಂಬ ಅರಿಶಿನ ಎರಚಿದರೆ ಇದು ಬದುಕುತ್ತದೆಯೇ?

ನಗಬೇಡಿ. ನಮ್ಮ ಮನೆದೇವರು ಖಂಡೋಬಾ. ವಿಜಯಪುರದ ಕಡೆ ಮೈಲಾರಲಿಂಗ ಎನ್ನುತ್ತೇವೆ, ದೇವರು ಅವನೇ. ನನ್ನ ಅತ್ತೆ ಅವನ ಗುಡಿಯಿರುವ ಜೇಜುರಿಯ ಗುಡ್ಡಕ್ಕೆ ಹೋದಾಗಲೆಲ್ಲ ಚೀಲ ತುಂಬ ಭಂಡಾರ ಹೊತ್ತು ಪುಣೆಯಂಚಿನ ನಿಗಡಿಯ ನಮ್ಮ ಮನೆಗೆ ಮರಳುತ್ತಾರೆ. ಭಂಡಾರವೆಂದರೆ ಅರಿಶಿನದ ಪುಡಿಯೇ, ಆದರೆ ಅತ್ತೆಯ ಎದುರು ಹಾಗೆಂದವರ ಕತೆ ಮುಗಿಯಿತು. ಮನೆಗೆ ಮಿಕ್ಸರ್ ಬರಲಿ, ಸೈಕಲ್ ಬರಲಿ, ನೀರಿನ ಫಿಲ್ಟರೇ ಬರಲಿ, "ಯಳಕೋಟ ಯಳಕೋಟ ಜಯ ಮಲ್ಹಾರ" ಎಂದು ದೇವರ ಜೈಕಾರದೊಂದಿಗೆ ಒಂದು ಹಿಡಿ ಬಿದ್ದೇ ಬೀಳುತ್ತಿತ್ತು. ಆಮೇಲೆ ಅಮಾವಾಸ್ಯೆಗೊಮ್ಮೆ ಮತ್ತೆ.

ಜನರ ಅಡುಗೆಮನೆಗಳನ್ನು ಕಟ್ಟುವ ಮೊದಲೇ ಪರದೆಯ ಮೇಲೆ ಕಟ್ಟಿ ತೋರಿಸುವುದು ನನ್ನ ಕೆಲಸ. ಗ್ರಾನೈಟಿನ ಹೊಳಪು, ಕಿಟಕಿಯ ಬಿಸಿಲು, ಎಲ್ಲ ನಿಜವೆನ್ನುವಂತೆ ಕಾಣಬೇಕು. ಅದಕ್ಕೆ ಕಂಪ್ಯೂಟರ್ ಮೈಮುರಿದು ದುಡಿಯುತ್ತದೆ, ದುಡಿದಷ್ಟೂ ಕಾಯುತ್ತದೆ, ಕಾದಷ್ಟೂ ಅದರ ಫ್ಯಾನುಗಳು ಗಾಳಿಯನ್ನು ಒಳಗೆಳೆಯುತ್ತವೆ. ಗಾಳಿಯ ಜೊತೆ ಅತ್ತೆಯ ಭಂಡಾರವನ್ನೂ. ಹಳೆಯ ಕಂಪ್ಯೂಟರ್ ಒಂದು ಮಳೆಗಾಲದ ಮಧ್ಯಾಹ್ನ ಟಪ್ ಎಂದು ಸದ್ದು ಮಾಡಿ ಸುಮ್ಮನಾಯಿತು. ರಿಪೇರಿಯವನು ಬಂದು ಬದಿಯ ತಗಡು ಬಿಚ್ಚಿದರೆ ಒಳಗೆಲ್ಲ ಹಳದಿ. ತೇವಕ್ಕೆ ಪುಡಿ ಕಲಸಿಕೊಂಡು ಹೋಳಿಗೆಯ ಹೂರಣದಂತೆ ಫ್ಯಾನಿಗೆ ಮೆತ್ತಿತ್ತು.

"ಹಾ ಕಾಯ್ ಜೇಜುರೀಚಾ ಗಡ ಆಹೆ ಕಾ?" ಎಂದ ಅವನು. ಇದೇನು ಜೇಜುರಿಯ ಗುಡ್ಡವೋ ಎಂದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ನಗಲಿಲ್ಲ.

ಅಂದಿನಿಂದ ಅವರು ದೇವರ ಕೋಣೆಯಾಚೆ ಭಂಡಾರ ಮುಟ್ಟುವುದನ್ನೇ ಬಿಟ್ಟರು. ಅವರ ಅಣ್ಣನ ಮಗ ಹೊಸ ರಿಕ್ಷಾ ತಂದು, "ಅತ್ತಿ, ನಿಮ್ಮ ಕೈಲೆ ಭಂಡಾರ ಹಾಕ್ರಿ" ಎಂದು ಕೆಳಗೆ ಹಾರ್ನ್ ಹೊಡೆಯುತ್ತ ನಿಂತರೆ ಇವರು ಗ್ಯಾಲರಿಯಿಂದಲೇ, "ನಿನ್ನ ಹೇಣ್ತಿ ಕೈಲೆ ಹಾಕಿಸ್ಕೋ ತಮ್ಮಾ" ಎಂದುಬಿಟ್ಟರು. ಯಾಕ್ರಿ ಎಂದು ನಾನು ಬೆನ್ನು ಹತ್ತಿದೆ.

"ನನ್ನ ಕೈ ಛಲೋ ಇಲ್ಲವ್ವಾ. ದೇವರ ಹೆಸರಿಲೆ ಹಾಕಿದ್ದು, ದುಡಿಯೂ ಮಶೀನ ಸತ್ತ ಹೋತು."

ನನಗೆ ಮೈಯೆಲ್ಲ ಉರಿದುಹೋಯಿತು. ಜೀವನವಿಡೀ ಊರಿಗೆಲ್ಲ ಒಳ್ಳೆಯದಾಗಲಿ ಎಂದು ಭಂಡಾರ ಹಾಕಿದ ಕೈಗೆ, ಒಂದು ತಗಡಿನ ಡಬ್ಬಿಯ ದೆಸೆಯಿಂದ ಕೆಟ್ಟ ಹೆಸರೇ! ತಪ್ಪು ಅತ್ತೆಯದಲ್ಲ, ಧೂಳು ತಡೆಯಲಾರದ ಆ ದರಿದ್ರ ಕ್ಯಾಬಿನೆಟ್ಟಿನದು. ಹೇಳಿದರೆ ಅವರು ಕೇಳುವವರಲ್ಲ. ಕಣ್ಣಾರೆ ತೋರಿಸಬೇಕು, ಅವರ ಕೈಯಿಂದಲೇ ಹಾಕಿಸಿ ತೋರಿಸಬೇಕು ಎಂದು ಹಟ ಹಿಡಿದೆ.

ಪುಣೆಯ ಬುಧವಾರ ಪೇಠೆಯಲ್ಲಿ ಹೊಕ್ಕ ಮೊದಲ ಅಂಗಡಿಯಲ್ಲಿ ಒಬ್ಬ ಮಹಾಶಯ ಮೂರು ಕಡೆ ಗಾಜಿರುವ ಪೆಟ್ಟಿಗೆ ತೋರಿಸಿದ. ಒಳಗೆ ಕೆಂಪು, ನೀಲಿ, ಹಸಿರು ದೀಪಗಳು ಕುಣಿಯುತ್ತಿದ್ದವು. ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಬೆರಳಿನ ಉಗುರೂ ತೂರದ ಒಂದು ಸೀಳು ತೋರಿಸಿದ. ಉಸಿರಾಡಲು ಜಾಗವಿಲ್ಲ, ಮೇಲೆ ಆರ್ಕೆಸ್ಟ್ರಾ ಬೇರೆ! ಅರಿಶಿನದ ಪ್ರಶ್ನೆ ಕೇಳಿದ್ದೇ ತಡ, ಅವನು ಮೆಲ್ಲಗೆ ಬೇರೆ ಗಿರಾಕಿಯ ಕಡೆ ಜಾರಿಕೊಂಡ. ಹೋಗತ್ತಾಗ ಎಂದು ನಾನೂ ಇಳಿದು ಬಂದೆ.

ಹೀಗೆ ತಿರುಗಿ ತಿರುಗಿಯೇ ಒಂದಿಷ್ಟು ವಿದ್ಯೆ ಬಂತು. ಹೆಬ್ಬೆರಳಿನಿಂದ ಬದಿಯನ್ನು ಒತ್ತಿದರೆ ಕಳಪೆ ತಗಡು ಹಪ್ಪಳದಂತೆ ಸದ್ದು ಮಾಡುತ್ತದೆ, ಒಳ್ಳೆಯದು ಜಪ್ಪಯ್ಯ ಎನ್ನುವುದಿಲ್ಲ. ಮುಂಭಾಗದಲ್ಲಿ ಜಾಲರಿ ಇರಬೇಕು, ಜಾಲರಿಯ ಹಿಂದೆ ತೆಗೆದು ತೊಳೆಯಬಹುದಾದ ಸಣ್ಣ ಕಣ್ಣಿನ ಫಿಲ್ಟರ್ ಇರಬೇಕು. ಹೊರಹಾಕುವ ಫ್ಯಾನುಗಳಿಗಿಂತ ಒಳಗೆಳೆಯುವ ಫ್ಯಾನುಗಳು ಹೆಚ್ಚಿರಬೇಕು. ಆಗ ಒಳಗಿನ ಗಾಳಿ ಸಂದುಗೊಂದುಗಳಿಂದ ಹೊರಗೆ ನುಗ್ಗುತ್ತಲೇ ಇರುತ್ತದೆ, ಧೂಳಿಗೆ ಕಳ್ಳದಾರಿ ಸಿಗುವುದಿಲ್ಲ.

ಕೊನೆಗೆ ಇದೆಲ್ಲ ಇದ್ದ ಒಂದು ಕಪ್ಪು ಕ್ಯಾಬಿನೆಟ್ ಸಿಕ್ಕಿತು. ದಪ್ಪ ಮೀಸೆಯ ಮಾಲೀಕರು ಅದರ ಫ್ಯಾನುಗಳನ್ನು ತಿರುಗಿಸಿ ತೋರಿಸುತ್ತಿದ್ದರು. ಬಾಯಿಮಾತಿಗೆ ಮರುಳಾಗುವ ಪೈಕಿ ನಾನಲ್ಲ. ಪರ್ಸಿನಿಂದ ಭಂಡಾರದ ಪೊಟ್ಟಣ ತೆಗೆದೆ. "ತಾಈ, ಹೇ ಕಾಯ್..." ಅಕ್ಕಾ, ಇದೇನು ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಒಂದು ಹಿಡಿಯನ್ನು ಜಾಲರಿಗೆ ಎರಚಿಬಿಟ್ಟೆ.

ಅವರ ಎರಡೂ ಕೈ ತಾವಾಗಿ ಮೇಲೆದ್ದವು. "ಯಳಕೋಟ ಯಳಕೋಟ ಜಯ ಮಲ್ಹಾರ!"

ಆಮೇಲೆ ತಮ್ಮ ಮಾಲಿನ ಗತಿ ನೋಡಿದರು. ಬೈಯಬೇಕೆಂದರೆ ಬಾಯಲ್ಲಿ ಆಗಲೇ ದೇವರ ಹೆಸರು ಬಂದುಹೋಗಿದೆ, ಪಾಪ! ಫ್ಯಾನುಗಳನ್ನು ಇನ್ನೂ ಸ್ವಲ್ಪ ಹೊತ್ತು ಓಡಲು ಬಿಟ್ಟು, ಬದಿಯ ಗಾಜು ತೆಗೆದು, ಅವರದೇ ಬಿಳಿಯ ಕರವಸ್ತ್ರದಿಂದ ಒಳಗೆಲ್ಲ ಒರೆಸಿದೆವು. ಕರವಸ್ತ್ರ ಬೆಳ್ಳಗೇ ಇತ್ತು. ಫಿಲ್ಟರ್ ಮಾತ್ರ ಮದುಮಗನಂತೆ ಹಳದಿ. ಹೊಸ ಪೆಟ್ಟಿಗೆ ಕೊಡಿ ಎಂದರೆ ಅವರು ಒಪ್ಪಲೇ ಇಲ್ಲ. ಭಂಡಾರ ಬಿದ್ದದ್ದು ನಿಮ್ಮದೇ, ಇನ್ನೊಬ್ಬರಿಗೆ ಹೇಗೆ ಮಾರಲಿ ಎಂದು ಮರಾಠಿಯಲ್ಲಿ ವಾದ ಹೂಡಿದರು. ಅದನ್ನೇ ಹೊತ್ತು ಲೋಕಲ್ ರೈಲು ಹತ್ತಿದೆ.

ಭಾನುವಾರ ಬೆಳಿಗ್ಗೆ ಎಲ್ಲ ಭಾಗಗಳನ್ನು ಕೂರಿಸಿ, ವೈರುಗಳನ್ನು ಹಿಂದೆ ಅಡಗಿಸಿ, ಅತ್ತೆಯನ್ನು ಕರೆದೆ. ಅವರು ಹೊಸ್ತಿಲಲ್ಲೇ ನಿಂತರು.

"ಹೊಸಾ ಮಶೀನ ಅದ. ಸುಮ್ಮ ನನ್ನ ಯಾಕ ಕರೀತಿ?"

ಫಿಲ್ಟರ್ ಕಿತ್ತು ಅವರ ಕೈಗಿಟ್ಟೆ. "ಇದು ಹಿಟ್ಟಿನ ಸಾಣಿಗಿ ಇದ್ದಂಗ ನೋಡ್ರಿ. ಗಾಳಿ ಒಳಗ ಹೋಗ್ತದ, ಭಂಡಾರ ಹೊರಗ ನಿಲ್ತದ."

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಭಾಳ ಸಣ್ಣ ಪುಡಿ ಇರ್ತದ. ದಾಟಿದ್ರ?"

"ದಾಟಂಗಿಲ್ರೀ. ಅಂಗಡ್ಯಾಗ ಹಾಕಿ ನೋಡೇ ತಂದೀನಿ."

"ಏನ ಹಾಕಿ?"

"ಭಂಡಾರ."

"ಎವ್ವಾ! ಮಂದಿ ಅಂಗಡ್ಯಾಗ? ಅವರೇನಂದ್ರು?"

"ಯಳಕೋಟ ಅಂದ್ರು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಒಳಗೆ ಹೋಗಿ ಭಂಡಾರದ ಡಬ್ಬಿ ತಂದರು. ಆದರೆ ಎರಡು ಬೆರಳಲ್ಲಿ ಒಂದೇ ಚಿಟಿಕೆ ಹಿಡಿದು ಜಾಲರಿಯ ತುದಿಗೆ ಸವರಿದರು.

ನನ್ನ ಸಿಟ್ಟು ನೆತ್ತಿಗೇರಿತು. "ಒಗ್ಗರಣಿ ಹಾಕ್ಲಿಕ್ಹತ್ತೀರೇನ್ರಿ? ಹಿಡಿ ತುಂಬ ಹಾಕ್ರಿ!"

ಅವರು ಕಣ್ಣು ಮುಚ್ಚಿದರು, ಹಿಡಿ ತುಂಬಿದರು, ಎರಚಿದರು. ಕ್ಯಾಬಿನೆಟ್, ಮೇಜು, ನನ್ನ ಮೂಗು, ಎಲ್ಲ ಹಳದಿಯಾಯಿತು. ನಾನು ಗತ್ತಿನಿಂದ ಗುಂಡಿ ಒತ್ತಿದೆ.

ಏನೂ ಆಗಲಿಲ್ಲ.

ಮತ್ತೆ ಒತ್ತಿದೆ. ಒಂದು ದೀಪವೂ ಹತ್ತಲಿಲ್ಲ. ಅತ್ತೆ ಭಂಡಾರ ಹತ್ತಿದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡು ಬಾಗಿಲ ಕಡೆ ತಿರುಗಿದರು. ಇಂಥ ಹಟ ನನಗೆ ಯಾಕೆ ಬೇಕಿತ್ತು ದೇವರೇ ಎನ್ನಿಸಿತು. ವೈರುಗಳನ್ನು ತಡಕಾಡುತ್ತ ಪೆಟ್ಟಿಗೆಯ ಬೆನ್ನಿಗೆ ಬಗ್ಗಿದೆ. ಅಲ್ಲಿ ಕರೆಂಟಿನ ಸಣ್ಣ ಸ್ವಿಚ್ಚು ಇರುತ್ತದೆ. ನಾನು ಅದನ್ನು ಹಾಕಿರಲೇ ಇಲ್ಲ.

"ಅತ್ತೀ, ನಿಲ್ರೀ!"

ಸ್ವಿಚ್ಚು ಹಾಕಿ ಗುಂಡಿ ಒತ್ತಿದೆ. ಫ್ಯಾನುಗಳು ಗುರ್ ಎಂದವು, ಪರದೆ ಬೆಳಗಿತು. ಅತ್ತೆ ಪರದೆ ನೋಡಿದರು, ಹಿಂದಿನ ಸ್ವಿಚ್ಚು ನೋಡಿದರು, ಕೊನೆಗೆ ನನ್ನ ಮುಖ ನೋಡಿದರು.

"ಅಲ್ಲಾ, ಇಷ್ಟ ಓದೀಯಂತ, ಸ್ವಿಚ್ ಹಾಕೂದು ತಿಳಿಯಂಗಿಲ್ಲ? ಇಲ್ಲಿ ನನ್ನ ಜೀವಾ ಹೋಗಿ ಬಂತು! ದೋಷ ಇದ್ದದ್ದು ಯಾರ ಕೈಯಾಗ? ಚಾಚು, ಚಾಚು ಕೈ!"

ಚಾಚಿದೆ. ಡಬ್ಬಿಯಿಂದ ದೊಡ್ಡ ಹಿಡಿ ತುಂಬಿ ನನ್ನ ಎರಡೂ ಅಂಗೈಗೆ ಸುರಿದು, ಮಕ್ಕಳಿಗೆ ಎಣ್ಣೆ ತಿಕ್ಕುವಂತೆ ಗಸಗಸ ತಿಕ್ಕಿದರು. ನನಗೆ ಅಳುವೇ ಬಂದುಬಿಟ್ಟಿತು, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಹಂ, ಈಗ ಕೆಲಸಾ ಮಾಡು" ಎಂದರು. ಮಾಡಿದೆ. ಕೀಬೋರ್ಡೆಲ್ಲ ಹಳದಿಯಾಯಿತು. ಕೀಬೋರ್ಡಿಗೆ ಫಿಲ್ಟರ್ ಇರುವುದಿಲ್ಲ.