ಅತ್ತರು ಹದಕ್ಕೆ ಬರುವ ಹೊತ್ತು

ನನ್ನ ಮೈಮೇಲೆ ಮಲ್ಲಿಗೆ ಬಾಳುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯೇ, ಆದರೂ ಹೇಳಿಬಿಡುತ್ತೇನೆ. ಹತ್ತಿರ ಕೂತವರಿಗೆ ಹೇಗೂ ಗೊತ್ತಾಗುವ ಸಂಗತಿ. ಶೀಶೆಯಲ್ಲಿದ್ದಾಗ ಅಚ್ಚ ಮಲ್ಲಿಗೆಯಾಗಿದ್ದ ಅತ್ತರು ನನ್ನ ಮಣಿಕಟ್ಟಿಗೆ ತಾಗಿದ ಅರ್ಧ ಗಂಟೆಯಲ್ಲಿ ಹುಣಸೆಹಣ್ಣಿನ ಹಳೇ ಡಬ್ಬಿಯಾಗುತ್ತದೆ. ಅದೇ ಶೀಶೆಯ ಅದೇ ಹನಿ ನಮ್ಮ ಶಾಲೆಯ ಗಣಿತದ ಮೇಡಂ ಕೈಮೇಲೆ ಸಂಜೆಯ ತನಕ ಮೊಗ್ಗು ಬಿರಿಯುತ್ತಲೇ ಇರುತ್ತದೆ. ಆಕೆಯೋ ವರ್ಷವಿಡೀ ನೆಗಡಿಯ ಮನುಷ್ಯಳು, ಪರಿಮಳದ ಖಬರೇ ಇಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುವುದು ಇದಕ್ಕೇ ಇರಬೇಕು.

ಅತ್ತರಿನ ಗುಣವೇ ಅದು. ಶೀಶೆಯಲ್ಲಿ ಒಂದು ಬಗೆ, ಮೈಮೇಲೆ ಇನ್ನೊಂದು ಬಗೆ. ಬಳ್ಳಾರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳಾದ್ದರಿಂದ ಕಾರಣ ಹೇಳದೆ ಮುಂದೆ ಹೋಗುವುದು ನನ್ನಿಂದಾಗದು, ಸ್ವಲ್ಪ ತಡೆದುಕೊಳ್ಳಿ. ಆ ಎಣ್ಣೆಯೊಳಗೆ ಹಗುರ ಪರಿಮಳ, ಭಾರದ ಪರಿಮಳ ಎರಡೂ ಕೂಡಿರುತ್ತವೆ. ಮೈಯ ಕಾವು ತಾಗಿದ ಕೂಡಲೇ ಹಗುರವಾದವು ಎದ್ದು ಹೋಗುತ್ತವೆ, ಮದುವೆ ಮನೆಯಲ್ಲಿ ಊಟ ಮುಗಿಯುತ್ತಲೇ ಚಪ್ಪಲಿ ಹುಡುಕುವ ನೆಂಟರ ಹಾಗೆ. ಆಮೇಲೆ ನಡುವಿನವು. ಗಂಧ, ಬೇರು, ಅಂಟು, ಕಟ್ಟಿಗೆಯಂಥ ಭಾರದವು ಕೊನೆಯ ತನಕ ಉಳಿದು, ಜಮಖಾನೆ ಮಡಿಸಿಟ್ಟೇ ಹೋಗುವ ಸ್ವಂತ ಮಂದಿ. ಇದಕ್ಕೆ ಮೈಯ ಜಿಡ್ಡು, ಬೆವರು, ಬೆಳಿಗ್ಗೆ ತಿಂದ ಒಗ್ಗರಣೆ-ಮಿರ್ಚಿ ಎಲ್ಲ ಸೇರಿ ಒಬ್ಬೊಬ್ಬರ ಮೇಲೆ ಒಂದೊಂದು ಫಲಿತಾಂಶ ಬರುತ್ತದೆ. ಅದರ ಮೇಲೆ ನಮ್ಮ ಊರಿನ ಬಿಸಿಲು. ಬೇರೆ ಕಡೆ ಬೆಳಗಿನಿಂದ ಸಂಜೆಯವರೆಗೆ ನಡೆಯುವ ವ್ಯವಹಾರ ಬಳ್ಳಾರಿಯಲ್ಲಿ ಒಂದೆರಡು ಪಿರಿಯಡ್ಡಿನೊಳಗೆ ಮುಗಿದಿರುತ್ತದೆ.

ಮೈಮೇಲೆ ಅಷ್ಟೇ ಅಲ್ಲ, ಬಾಯಲ್ಲಿ ಕೂಡ ವಾಸನೆ ಬದಲಾಗುತ್ತದೆ ನೋಡಿ. ‘ನಾತ’ ಎನ್ನುವ ಮಾತನ್ನೇ ತೆಗೆದುಕೊಳ್ಳಿ. ಹಿಂದೆ ‘ನಾರು’ವುದೆಂದರೆ ವಾಸನೆ ಬೀರುವುದು, ಅಷ್ಟೇ; ಹೂವೂ ನಾರುತ್ತಿತ್ತು. ಈಗ ಯಾರಿಗಾದರೂ ನಿಮ್ಮ ಮುಡಿ ನಾರುತ್ತಿದೆ ಎಂದು ಹೇಳಿ ನೋಡಿ, ಹಲ್ಲು ಉಳಿದರೆ ನಿಮ್ಮ ಪುಣ್ಯ. ಜನರ ನಾಲಗೆಯ ಮೇಲೆ ಬಹಳ ದಿನ ಇದ್ದು ಆ ಮಾತು ಹುಳಿಯಾಯಿತು. ನನ್ನ ಮೇಲಿನ ಮಲ್ಲಿಗೆಯದೂ ಅದೇ ಕತೆ.

ಇಂಥ ನನಗೆ ಕೈಹಿಡಿದ ಅತ್ತರು ಒಂದೇ, ಊದ್. ನಮ್ಮವರು ಅಗರು ಎನ್ನುವ ಮರದ ಎಣ್ಣೆ ಅದು. ಮರಕ್ಕೆ ಬೂಷ್ಟು ಹತ್ತಿ ಒಳಗೆ ಕಪ್ಪಗಾದ ಮೇಲೆ ಆ ಕಟ್ಟಿಗೆಯನ್ನು ಪುಡಿ ಮಾಡಿ, ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ, ಆಮೇಲೆ ಬಟ್ಟಿ ಇಳಿಸುತ್ತಾರೆ. ಕೊಳೆತದ್ದರ ಗುರುತು ಎಲ್ಲಿ ಹೋಗಬೇಕು? ಹಚ್ಚಿದ ಹೊಸದರಲ್ಲಿ ಅದು ಸಾಕ್ಷಾತ್ ದನದ ಕೊಟ್ಟಿಗೆ. ಗಂಜಲ, ಸಗಣಿ, ಹಸಿ ಹುಲ್ಲು, ಎಲ್ಲವೂ ಉಂಟು. ಮೂಗು ಮುಚ್ಚಿಕೊಂಡು ಕಾದರೆ ಆ ಕೊಟ್ಟಿಗೆ ಮೆಲ್ಲಗೆ ಹಿಂದೆ ಸರಿದು, ಜೇನು ಸವರಿದ ಗಂಧದ ಕೊರಡಿನಂಥ ಒಂದು ಪರಿಮಳ ಮೇಲೇಳುತ್ತದೆ. ನನ್ನ ಹುಣಸೆ ಮೈಯಲ್ಲೂ ಅದು ಕೆಡುವುದಿಲ್ಲ. ಅದಕ್ಕೇ ನಾನು ಕಂಡಕಂಡವರಿಗೆ ಉಪದೇಶ ಮಾಡುತ್ತ ಬಂದೆ: ಅತ್ತರನ್ನು ಹಚ್ಚಿದ ಕೂಡಲೇ ಮೂಸಬೇಡಿ, ತಾಳಿದವನು ಬಾಳಿಯಾನು. ಈ ಉಪದೇಶವೇ ಹೋದ ವರ್ಷ ಯುಗಾದಿ ಮುಗಿದ ಮೇಲೆ ನನ್ನ ತಮ್ಮನ ಮಗಳ ಬಾಳಿಗೆ ಕಲ್ಲು ಹಾಕುವುದರಲ್ಲಿತ್ತು.

ತಮ್ಮ ಚನ್ನಬಸವ ಇರುವುದು ಕುರುಗೋಡಿನಲ್ಲಿ, ದೊಡ್ಡ ನಂದಿ ಬಸವಣ್ಣನ ಗುಡಿ ಇರುವ ಊರು. ಅವನ ಮಗಳು ಸಹನಾ ಬಳ್ಳಾರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಬರುತ್ತಾಳೆ. ವಾರದಲ್ಲಿ ನಾಕು ದಿನ ಕಂಟೋನ್ಮೆಂಟಿನ ನನ್ನ ಮನೆಯಲ್ಲೇ ಊಟ. ಸಿರುಗುಪ್ಪ ತಾಲೂಕಿನ ದೇಶನೂರಿನ ವೀರೇಶ ಎಂಬ ಹುಡುಗನ ಸಂಬಂಧ ಬಂದಿತ್ತು. ಬಂದಿತ್ತು ಎನ್ನುವುದು ಹಿರಿಯರಿಗಾಗಿ ಕಟ್ಟಿದ ಮಾತು. ಅವರಿಬ್ಬರೂ ಕಾಲೇಜಿನಿಂದ ಒಬ್ಬರನ್ನೊಬ್ಬರು ಮೆಚ್ಚಿದವರು, ದಲ್ಲಾಳಿಯ ಬಾಯಿಗೆ ಸಂಬಂಧ ಹಾಕಿಕೊಟ್ಟವರೂ ಅವರೇ. ಇದು ನನ್ನೊಬ್ಬಳಿಗೇ ಗೊತ್ತು. “ಓಡಿಹೋಗೋದು ನನ್ನಿಂದ ಆಗಂಗಿಲ್ಲ ಅತ್ತಿ. ಇದು ಮುರದ್ರ ಇನ್ನೊಂದಕ್ಕ ಕುಂದ್ರಂಗೂ ಇಲ್ಲ,” ಎಂದು ಸಹನಾ ನನ್ನ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಹೇಳಿದ್ದಳು. ಆ ಹುಡುಗಿ ಆಡಿದ ಮಾತು ತಪ್ಪುವವಳಲ್ಲ.

ತೊಡಕು ಹುಡುಗನ ಅಜ್ಜಿಯದು. ಈರಮ್ಮ ಅಂತ, ಆ ಮನೆಯ ಹಿರಿತಲೆ. ಶಕುನದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಿಂದೊಮ್ಮೆ ಇವರೆಲ್ಲ ಹೊರಟು ಬರುವಾಗ ಸಿರುಗುಪ್ಪದ ಹತ್ತಿರ ಬೆಕ್ಕು ಅಡ್ಡ ಹೋಯಿತೆಂದು ವ್ಯಾನು ತಿರುಗಿಸಿಕೊಂಡು ಹೋದವಳು. ಇನ್ನೊಂದು ಅಪಶಕುನ ಕಂಡರೆ ಅಲ್ಲಿಗೆ ಮುಗಿಯಿತು ಎಂದು ವೀರೇಶನೇ ಸಹನಾಗೆ ಫೋನಿನಲ್ಲಿ ಹೇಳಿದ್ದ. ಮದುವೆ ಮಾತು ಗಟ್ಟಿ ಮಾಡಲು ಅವರು ಮತ್ತೆ ಕುರುಗೋಡಿಗೆ ಬರುವ ದಿನ ಗೊತ್ತುಮಾಡಿದ್ದರು. ಎಲೆ-ಅಡಿಕೆ ತಟ್ಟೆ ತಗೊಳ್ಳಬೇಕಾದವನು ಹುಡುಗನ ಅಪ್ಪ. ಆದರೆ ಆತ ತಾಯಿ ತಲೆಯಾಡಿಸದೆ ಕೈ ಚಾಚುವ ಪೈಕಿ ಅಲ್ಲ. ತಟ್ಟೆ ತಗೊಂಡರೆ ಮಾತು ಪಕ್ಕಾ, ಇಲ್ಲದಿದ್ದರೆ ಇಲ್ಲ.

ನಮ್ಮ ಕಡೆ ಇಂಥ ದಿನ ಬಂದವರಿಗೆ ಹೊಸ್ತಿಲಲ್ಲೇ ಪನ್ನೀರು ಚಿಮುಕಿಸಿ, ಮುಂಗೈಗೆ ಅತ್ತರು ಹಚ್ಚಿ ಒಳಗೆ ಕರೆಯುವುದು ರೂಢಿ. ಅತ್ತರಿನ ಖಾತೆ ಯಾವಾಗಲೂ ನನ್ನದೇ. ಯಾರಾದರೂ ಬುದ್ಧಿಯಿದ್ದವರು ಗುಲಾಬಿ ಅತ್ತರು ಹಚ್ಚುತ್ತಾರೆ. ನನಗೋ, ಸಹನಾಳ ದಿನ, ಇರುವುದರಲ್ಲೇ ಉತ್ತಮವಾದದ್ದು ಆಗಬೇಕು. ಊದ್ ತೆಗೆದೆ. ಬೆಳಿಗ್ಗೆ ಸ್ನಾನ ಮುಗಿಸಿ ಬಳ್ಳಾರಿಯಲ್ಲೇ ನನ್ನ ಕೈಗೆ ಹಚ್ಚಿಕೊಂಡಿದ್ದೆ. ಕುರುಗೋಡು ಮುಟ್ಟುವ ಹೊತ್ತಿಗೆ ಅದು ಹದಕ್ಕೆ ಬಂದು ಘಮಘಮ ಎನ್ನುತ್ತಿತ್ತು. ಮೂಸಿ ಮೂಸಿ ಹಿಗ್ಗಿದೆ. ನನ್ನ ಕೈಮೇಲಿನದು ಆಗಲೇ ಹಣ್ಣಾಗಿದೆ, ಅತ್ತರುದಾನಿಯಲ್ಲಿರುವುದು ಇನ್ನೂ ಹಸಿಗಾಯಿ ಎನ್ನುವುದು ಈ ವಿಜ್ಞಾನದ ಟೀಚರಿಗೆ ಹೊಳೆಯಲೇ ಇಲ್ಲ.

ವ್ಯಾನು ಬಂತು. ಈರಮ್ಮನೇ ಮೊದಲು. ತೆಳ್ಳಗೆ, ನೆಟ್ಟಗೆ, ಹಣೆ ತುಂಬ ವಿಭೂತಿ. ಗಾಜಿನ ಕಡ್ಡಿ ಅದ್ದಿ ಆಕೆಯ ಮುಂಗೈಗೆ ಧಾರಾಳವಾಗಿ ಎಳೆದೆ. ಹಿಂದೆ ಇದ್ದ ಸೊಸೆಗೂ ಎಳೆದೆ. ಅಜ್ಜಿ ಕೈಯನ್ನು ಮೂಗಿಗೆ ಒಯ್ದಳು. ಅಲ್ಲೇ ನಿಂತಳು. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

“ಯವ್ವಾ! ಇದೇನ್ರಿ, ಕೊಟ್ಟಿಗಿ ವಾಸನಿ ಹೊಡಿಯಾಕತ್ತೇತಿ!” ಸೊಸೆ, ಅಂದರೆ ಹುಡುಗನ ತಾಯಿ, ಗಟ್ಟಿಯಾಗಿಯೇ ಹೇಳಿಬಿಟ್ಟಳು.

ಹಿಂದಿದ್ದ ಗಂಡಸರೆಲ್ಲ ಸಾಲಾಗಿ ಒಂದೊಂದು ಕಾಲೆತ್ತಿ ತಮ್ಮ ಚಪ್ಪಲಿಯ ಅಡಿ ನೋಡಿಕೊಂಡರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಮಾತ್ರ ಅತ್ತರುದಾನಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದೆ.

ಅಡುಗೆಮನೆಗೆ ತಮ್ಮ ಹಿಂದೆಯೇ ಬಂದ. “ಅಕ್ಕಾ, ಏನ್ ಹಚ್ಚಿದಿ ಅವರಿಗೆ?”

“ಊದ್. ಸ್ವಲ್ಪ ತಡಿಯೋ ಚನ್ನ, ತಾಸಿನಾಗ ಗಂಧ ಆಗತೈತಿ.”

“ತಾಸಿನಾಗ ಅವರು ಸಿರುಗುಪ್ಪ ದಾಟಿರತಾರ!”

ಒಳಕೋಣೆಯಲ್ಲಿ ಸಹನಾ ಹಸಿರು ಸೀರೆ ಉಟ್ಟು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. “ಹೋಗ್ಲಿ ಬಿಡತ್ತಿ, ನೀ ಒಳ್ಳೇದಕ್ಕಂತ ಮಾಡಿದಿ,” ಎಂದು ನನ್ನ ಕೈ ಹಿಡಿದಳು. ಅವಳ ಬೆರಳು ಮಂಜುಗಡ್ಡೆಯಾಗಿದ್ದವು. ನನಗೆ ಅಳು ಒತ್ತಿಕೊಂಡು ಬಂತು, ಜೊತೆಗೆ ನನ್ನ ಮೇಲೇ ಕೆಟ್ಟ ಸಿಟ್ಟು.

ತಮ್ಮನ ಹೆಂಡತಿ ಚೆಂಬು, ಸಾಬೂನು ಒಯ್ದಳು. ಹುಡುಗನ ತಾಯಿ ಎರಡು ಸಲ ಕೈ ತೊಳೆದಳು. ಎಣ್ಣೆ ನೀರಿಗೆ ಹೆದರುತ್ತದೆಯೇ? ಸಾಬೂನಿನ ನಿಂಬೆ ವಾಸನೆ ಕೊಟ್ಟಿಗೆಯ ಮೇಲೆ ಕೂತು, ಕೊಟ್ಟಿಗೆಯಲ್ಲಿ ಯಾರೋ ಶರಬತ್ತು ಚೆಲ್ಲಿದಂತಾಯಿತು. ಈರಮ್ಮ ಮಾತ್ರ ತೊಳೆಯಲು ಒಪ್ಪಲಿಲ್ಲ. ಚೆಂಬು ಹತ್ತಿರ ತಂದರೆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಸೊಸೆ ಕಣ್ಣಿನಲ್ಲೇ ಗಂಡನಿಗೆ ಏನೋ ಹೇಳಿದಳು. ಅವಮಾನವನ್ನು ಒರೆಸಿಕೊಳ್ಳದೆ ಹಾಗೇ ಕಟ್ಟಿಕೊಂಡು ಊರಿಗೆ ಒಯ್ಯುತ್ತಾಳೆ ಈ ಮುದುಕಿ ಎಂದೇ ನಾನೂ ತಿಳಿದೆ.

ಇನ್ನು ಉಳಿದದ್ದು ಒಂದೇ ದಾರಿ: ಅವರು ಏಳುವುದರೊಳಗೆ ಊದ್ ಹದಕ್ಕೆ ಬರಬೇಕು. ಕಾವು ಹೆಚ್ಚಾದರೆ ಹಗುರವಾದವು ಬೇಗ ಹೋಗುತ್ತವೆ ಎಂದು ಎಷ್ಟು ಮಕ್ಕಳಿಗೆ ಪಾಠ ಮಾಡಿಲ್ಲ ನಾನು? ಮೆಲ್ಲಗೆ ಗೋಡೆಗೆ ಒರಗಿದವಳಂತೆ ನಿಂತು ಪಡಸಾಲೆಯ ಫ್ಯಾನಿನ ಸ್ವಿಚ್ಚು ಆರಿಸಿದೆ. “ಕರೆಂಟ್ ಹೋತೇನು?” ಎಂದರು ಯಾರೋ. “ಈ ನಮೂನಿ ಹೋಗ್ತಿರತೈತ್ರಿ,” ಎಂದೆ. ಕುರುಗೋಡಿನ ಗುಡ್ಡದ ಬಂಡೆಗಳೆಲ್ಲ ಕಾದು ಅವುಗಳ ಉರಿಯೇ ಒಳಗೆ ಬಂದು ಕೂತಿತ್ತು. ಬೀಗರಾಗಬೇಕಾದವರು ಟವೆಲ್ಲಿನಿಂದ ಗಾಳಿ ಹಾಕಿಕೊಂಡರು. ನಾನು ಅಜ್ಜಿಯ ಹಣೆಯ ಮೇಲೆ ಬೆವರೊಡೆಯುವುದನ್ನೇ ಕಾಯುತ್ತಿದ್ದೆ.

ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರು ತಟ್ಟೆ ಮುಂದಕ್ಕೆ ಸರಿಸಿದರು. “ಹೊತ್ತು ಮೀರಾಕತ್ತೇತ್ರಿ. ಎಲಿ ತಗೊಳ್ರಿ.”

ಹುಡುಗನ ಅಪ್ಪ ತಾಯಿಯ ಕಡೆ ನೋಡಿದ. ಈರಮ್ಮ ಕಣ್ಣು ಮುಚ್ಚಿಕೊಂಡು, ಸೆರಗಿನ ಕೈಯನ್ನು ಮೂಗಿನ ಹತ್ತಿರ ಹಿಡಿದು ಕೂತಿದ್ದಳು. ಆತ ಕೈ ಹಿಂದಕ್ಕೆ ತೆಗೆದುಕೊಂಡ. ವೀರೇಶ ತಲೆ ತಗ್ಗಿಸಿದ. ತಮ್ಮ ನನ್ನ ಕಡೆ ನೋಡಿದ ನೋಟವಿತ್ತಲ್ಲ, ಅದನ್ನು ಈ ಜನ್ಮದಲ್ಲಿ ಮರೆಯಲಾರೆ. ಎಲೆಯ ಅಂಚು ಸೆಕೆಗೆ ಬಾಡುತ್ತಿತ್ತು.

ಅಷ್ಟರಲ್ಲಿ ಅಜ್ಜಿ ಕಣ್ಣು ತೆರೆದಳು. ಕೈ ಮೂಸಿದಳು. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಮೂಸಿ ಬಾಗಿಲ ಬಳಿ ನಿಂತಿದ್ದ ನನ್ನನ್ನು ಬೆರಳು ಮಾಡಿ ಕರೆದಳು.

“ಏ ಯವ್ವಾ, ಇಲ್ಲಿ ಬಾ. ಏನ್ ಹಚ್ಚಿದಿ ನನಗ?”

ಮೊಣಕಾಲೂರಿ ಕೂತೆ. ಆಕೆ ಕೈ ನನ್ನ ಮೂಗಿಗೆ ಹಿಡಿದಳು. ಕೊಟ್ಟಿಗೆ ಮಾಯ! ಜೇನಿನ ಗಂಧ, ತಂಪಾಗಿ, ತುಂಬಿಕೊಂಡು. ನನ್ನ ಕೈಗಿಂತ ಆಕೆಯ ಕೈಮೇಲೆ ಅದು ಚೆನ್ನಾಗಿ ಬಂದಿತ್ತು. ನನಗೆ ಹೋದ ಜೀವ ಬಂತು.

“ಈಗ ನೋಡ್ರಿ ಅಜ್ಜಿ, ಹೆಂಗ್ ಗಂಧ ಆಗೇತಿ! ಮೊದ್ಲ ಹಂಗ ಇರತೈತ್ರಿ, ತಡದ್ರ...”

“ಗಂಧ ತಗೊಂಡು ಏನ್ ಮಾಡ್ಲಿ?” ಆಕೆ ರೇಗಿದಳು. “ಮೊದಲಿಂದು ಎಲ್ಲಿ ಹೋತು?”

ನಾನು ಆಕೆಯ ಕೈಯನ್ನು ಇನ್ನೊಮ್ಮೆ ಮೂಸಿದೆ.

“ಎತ್ತು ಮಾರಿದ ಮ್ಯಾಲೆ ಆ ವಾಸನಿ ಮೂಗಿಗೆ ಬಿದ್ದಿದ್ದು ಇವತ್ತ,” ಎಂದಳು, ಈ ಸಲ ಯಾರನ್ನೂ ನೋಡದೆ. “ಮಷಿನ್ ಬಂದು ಭತ್ತ ಕೊಯ್ದು ಒಕ್ಕಿ ಹೋಗತೈತಿ. ಕೊಟ್ಟಿಗ್ಯಾಗ ಟ್ರ್ಯಾಕ್ಟರ್ ನಿಲ್ಲಸ್ಯಾರ. ಡೀಜಲ್ ನಾತ. ಅದ್ರಾಗ ನನಗ ನಿದ್ದಿ ಬರಂಗಿಲ್ಲವ್ವಾ. ಹೊಸ್ತಲದಾಗ ನೀ ಹಚ್ಚಿದಾಗ ನಮ್ಮ ಎತ್ತು ಬಂದು ಬಾಜೂಕ ನಿಂತಂಗಾತು. ಬಸವಣ್ಣನ ಊರು, ಆತನ ಕಳಿಸ್ಯಾನ ಅಂದ್ಕೊಂಡೆ. ಇದಕ್ಕಿಂತ ಶಕುನ ಏನ್ ಬೇಕಂತ ಕುಂತಿದ್ದೆ. ಇಲ್ಲಿ ನೋಡಿದ್ರ ಹೋಗೇ ಬಿಡ್ತು.”

ಫ್ಯಾನು ಆರಿಸಿ ಆಕೆಯ ಎತ್ತುಗಳನ್ನು ಅಟ್ಟಿದವಳು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಓಡಿಹೋಗಿ ಅತ್ತರುದಾನಿ ತಂದೆ. ಇನ್ನೊಂದು ಮುಂಗೈ ಚಾಚಿದಳು, ಹಚ್ಚಿದೆ. ಕೊಟ್ಟಿಗೆ ಭಗ್ಗನೆ ಪಡಸಾಲೆಗೆ ನುಗ್ಗಿತು. ಸೊಸೆ ಮೂಗಿಗೆ ಸೆರಗು ಹಿಡಿದಳು. ಈರಮ್ಮ ಆಳವಾಗಿ ಉಸಿರೆಳೆದು ಮಗನ ಕಡೆ ತಿರುಗಿದಳು.

“ಏನ್ ನೋಡ್ತೀಲೇ? ಎಲಿ ತಗೋ.”

ತಮ್ಮ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡ. ಒಳಗೆ ಸಹನಾಳ ಬಳೆ ಸದ್ದಾಯಿತು, ಎದ್ದು ನಿಂತಿರಬೇಕು. ನಾನು ಹೋಗಿ ಫ್ಯಾನು ಹಾಕಿದೆ. ಕರೆಂಟು ಬಂತೆಂದು ಎಲ್ಲರೂ ಸಂತೋಷಪಟ್ಟರು.

ಸಹನಾ ಈಗ ದೇಶನೂರಿನ ಸೊಸೆ, ಸಿರುಗುಪ್ಪದ ಲ್ಯಾಬಿಗೆ ಹೋಗುತ್ತಾಳೆ. ಅಜ್ಜಿಗೆ ಮೊಮ್ಮಗ ಒಂದು ಆಕಳು ಕಟ್ಟಿಕೊಟ್ಟಿದ್ದಾನೆ ಎಂದು ಕೇಳಿದೆ. ನಾನು ಈಗಲೂ ಊದ್ ಹಚ್ಚುತ್ತೇನೆ, ಆದರೆ ಉಪದೇಶ ಕಡಿಮೆಯಾಗಿದೆ. ಯಾವುದು ಕಳೆದುಹೋಗುವ ತನಕ ತಾಳಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆನೋ ಅದನ್ನೇ ಹುಡುಕುತ್ತ ಒಬ್ಬರು ಕೂತಿರಬಹುದೆಂದು ನನಗೆ ತಿಳಿದದ್ದೇ ಅವತ್ತು.

ಅವತ್ತು ಊಟ ಮುಗಿಸಿ ಹೊರಡುವಾಗ ಈರಮ್ಮ ವ್ಯಾನಿನ ಬಾಗಿಲಲ್ಲಿ ನಿಂತು, ಎರಡನೇ ಸಲ ಹಚ್ಚಿಸಿಕೊಂಡ ಕೈಯನ್ನು ಎದೆಗೆ ಹಿಡಿದುಕೊಂಡು, ಮಗ, ಸೊಸೆಗೆ ಕೇಳದ ಹಾಗೆ ನನ್ನನ್ನು ಕೇಳಿದಳು:

“ಇದು ಜಲ್ದಿ ಚೆಂದ ಆಗದಂಗ ಏನಾರ ಮಾಡಾಕ ಬರತೈತೇನವ್ವಾ?”

“ಬಿಸಲಿಗೆ ಹಿಡೀಬ್ಯಾಡ್ರಿ ಅಜ್ಜಿ,” ಎಂದೆ. ಅದಕ್ಕಿಂತ ಹೆಚ್ಚಿನ ವಿಜ್ಞಾನ ನನ್ನಲ್ಲಿರಲಿಲ್ಲ. ಆಕೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ನೆರಳಿದ್ದ ಕಡೆಯ ಸೀಟು ನೋಡಿ ಕೂತಳು.