ಒಲೆಯ ಮೇಲೆ ಒಣಗಿಸಿದ ಸಿಡಿ

ಹೋದ ವಾರ ಸೊಸೆ ಪ್ಲಾಸ್ಟಿಕ್ಕಿನ ಮುಚ್ಚಳವೊಂದನ್ನು ಗ್ಯಾಸಿನ ಒಲೆಗೆ ತಾಗಿಸಿ ಇಟ್ಟು ಹಿತ್ತಲಿಗೆ ಹೋಗಿದ್ದಳು. ಅದರ ಅಂಚು ಕಾದು ಮೆತ್ತಗಾಗಿ ವಾಸನೆ ಬಂತು. ಸುಟ್ಟ ವಾಸನೆ ಅಲ್ಲ, ಸುಡುವುದಕ್ಕಿಂತ ಸ್ವಲ್ಪ ಮುಂಚಿನದು. ನಾನು ಒಲೆ ಆರಿಸುವುದು ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಸೊಸೆ ಓಡಿ ಬಂದು, "ಏನ್ರೀ ಅತ್ತಿ, ಮೂಗ ಇಲ್ಲೇನ ನಿಮಗ?" ಅಂದಳು. ಮೂಗು ಇದ್ದದ್ದರಿಂದಲೇ ನಿಂತಿದ್ದೆ. ಆ ವಾಸನೆ ನಮ್ಮ ಅಡುಗೆಮನೆಯಲ್ಲಿ ಹಿಂದೆಯೂ ಒಮ್ಮೆ ಬಂದಿತ್ತು... ಇಪ್ಪತ್ತು ವರ್ಷದ ಮೇಲಾಯಿತು. ಆಗ ಹಾಳಾದದ್ದು ಮುಚ್ಚಳವಲ್ಲ.

ಹಿರೇಕೆರೂರಿನ ನಮ್ಮ ಮನೆಯ ಮುಂದಿನ ಎರಡು ಖೋಲಿಗಳನ್ನು ಆಗ ಒಬ್ಬ ಹೆಣ್ಣುಮಗಳಿಗೆ ಬಾಡಿಗೆಗೆ ಕೊಟ್ಟಿದ್ದೆವು. ಒಂದರಲ್ಲಿ ವಾಸ, ಇನ್ನೊಂದರಲ್ಲಿ ಟೈಪಿಂಗ್ ಕ್ಲಾಸು. ಊರೆಲ್ಲ ಅವರನ್ನು ಟೈಪಿಂಗ್ ಅಕ್ಕೋರು ಅನ್ನುತ್ತಿತ್ತು, ನಾನೂ ಹಾಗೇ ಅಂದೆ. ನನಗಿಂತ ಹತ್ತು ವರ್ಷ ಚಿಕ್ಕವರು. ಸವಣೂರಿನ ಆಚಾರ್ಯರ ಮನೆತನ, ತಂದೆ ಸಂಸ್ಕೃತ ಹೇಳಿಕೊಡುತ್ತಿದ್ದವರಂತೆ. ಮದುವೆ ಯಾಕೆ ಆಗಿಲ್ಲ ಅಂತ ನಾನು ಮೊದಲ ದಿನವೇ ಕೇಳಿದೆ. "ಕೇಳಿಕೊಂಡು ಬಂದವ್ರು ನನಗ ಹಿಡಿಸ್ಲಿಲ್ಲ, ಹಿಡಿಸಿದವ್ರು ಕೇಳಿಕೊಂಡು ಬರಲಿಲ್ಲ. ಮುಗೀತಲ್ಲ ಅವ್ವಾರ?" ಅಂದರು. ಅವತ್ತಿನಿಂದ ನನಗೆ ಅವರು ಸೇರಿದರು.

ಆರು ಟೈಪ್‌ರೈಟರುಗಳಿದ್ದವು. ಬೆಳಿಗ್ಗೆ ಏಳಕ್ಕೆ ಶುರುವಾದರೆ ನಡುಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗುತ್ತಿತ್ತು. ಕಲಿಯಲು ಬರುತ್ತಿದ್ದವರು ಹೆಚ್ಚಾಗಿ ಸುತ್ತಲಿನ ಹಳ್ಳಿಯ ಹುಡುಗಿಯರು, ಹತ್ತನೆಯದೋ ಪಿಯುಸಿಯೋ ಮುಗಿಸಿ ಮನೆಯಲ್ಲಿ ಕುಳಿತವರು. ಬರುಬರುತ್ತ ಟೈಪಿಂಗ್ ಕೇಳುವವರು ಕಡಿಮೆಯಾದರು. ಎಲ್ಲರ ಬಾಯಲ್ಲೂ ಕಂಪ್ಯೂಟರ್. ಕಂಪ್ಯೂಟರ್ ಕ್ಲಾಸು, ಪರೀಕ್ಷೆ ಎರಡೂ ಹಾವೇರಿಯಲ್ಲಿ ನಡೆಯುತ್ತಿದ್ದವು, ಅಷ್ಟು ದೂರ ಹುಡುಗಿಯರನ್ನು ದಿನಾ ಬಸ್ಸಿಗೆ ಹತ್ತಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಕಲಿಕೆ, ಪರೀಕ್ಷೆ ಎರಡೂ ನಮ್ಮ ಊರಲ್ಲೇ ಆಗಬೇಕಾದರೆ ಮೇಲಿನವರು ಬಂದು ನೋಡಿ ಪರವಾನಗಿ ಕೊಡಬೇಕಿತ್ತು. ಅದು ಸಿಕ್ಕರೆ ಅಕ್ಕೋರ ಕ್ಲಾಸು ಉಳಿಯುತ್ತದೆ, ಸಿಗದಿದ್ದರೆ ಮುಚ್ಚುತ್ತದೆ. ವಿಷಯ ಇಷ್ಟೇ.

ಹುಬ್ಬಳ್ಳಿಯಲ್ಲಿ ಯಾವುದೋ ಆಫೀಸು ಮುಚ್ಚಿದಾಗ ಮೂರು ಹಳೆಯ ಕಂಪ್ಯೂಟರುಗಳನ್ನು ಅಕ್ಕೋರು ತರಿಸಿದರು. ನೋಡಲು ದೊಡ್ಡವು, ಆದರೆ ಬಟನ್ ಒತ್ತಿದರೆ ಕರಿ ಪರದೆ, ಒಂದೆರಡು ಸಾಲು ಇಂಗ್ಲಿಷು, ಮುಂದೇನೂ ಇಲ್ಲ. ಮಾರಿದವನು ಒಳಗಿದ್ದದ್ದನ್ನೆಲ್ಲ ಅಳಿಸಿ ಕಳಿಸಿದ್ದ. ಅವಕ್ಕೆ ಆಪರೇಟಿಂಗ್ ಸಿಸ್ಟಮ್ ಹಾಕಬೇಕು ಅಂದರು. ಹಂಗಂದರೇನು ಅಂದೆ.

"ಮನಿ ಅದ, ಒಲಿ ಅದ, ಭಾಂಡೆ ಅವ. ಮನಿ ನಡಸೋ ಹೆಣ್ಣುಮಗಳಿಲ್ಲ. ಆಕಿ ಬಂದ್ರ ಎಲ್ಲಾ ನಡೀತದ."

"ಆಕಿ ಎಲ್ಲಿಂದ ಬರ್ತಾಳ್ರಿ?"

"ಟಪಾಲಿನಾಗ."

"ಅಯ್ಯ, ಛಲೋ ಆತ ಬಿಡ್ರಿ. ದಿಬ್ಬಣದ ಖರ್ಚ ಉಳೀತು" ಅಂದೆ. ಅಕ್ಕೋರು ಕುರ್ಚಿ ಹಿಡಿದುಕೊಂಡು ನಕ್ಕರು. ಅವರು ನಕ್ಕರೆ ಮೊದಲು ಭುಜ ಕುಣಿಯುತ್ತಿತ್ತು, ಆಮೇಲೆ ಸದ್ದು ಬರುತ್ತಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದ. ಊರಿನ ಎಲ್ಲ ಮಷೀನುಗಳಿಗೂ ಒಂದೇ ನಕಲು ಸಿಡಿಯಿಂದ ಹಾಕಿಕೊಡುತ್ತಿದ್ದ, ಎರಡು ತಾಸಿನ ಕೆಲಸ. ಅಕ್ಕೋರಿಗೆ ಅದು ಬೇಡ. ಅದು ಕದ್ದ ಮಾಲು, ರಸೀದಿ ಇರುವುದಿಲ್ಲ, ಪರವಾನಗಿಗೆ ರಸೀದಿ ಕೇಳುತ್ತಾರೆ. ಅಸಲಿಯದನ್ನು ಕೊಳ್ಳಲು ಮಷೀನುಗಳನ್ನೇ ಮಾರಬೇಕಾಗುತ್ತಿತ್ತು. ಕಂಪ್ಯೂಟರಿನ ಮಾಸಪತ್ರಿಕೆಯೊಂದರ ಹಿಂದಿನ ಪುಟದಲ್ಲಿ ಅವರಿಗೆ ಒಂದು ಸಣ್ಣ ಜಾಹೀರಾತು ಸಿಕ್ಕಿತು. ಪುಣೆಯ ಕಡೆಯ ಒಬ್ಬ ವ್ಯಾಪಾರಿ ಬೇರೊಂದು ತರಹದ ಸಿಸ್ಟಮನ್ನು ಸಿಡಿಗೆ ಹಾಕಿ ಟಪಾಲಿನಲ್ಲಿ ಕಳಿಸುತ್ತಿದ್ದ. ಅದನ್ನು ಮಾಡಿದವರೇ ಯಾರು ಬೇಕಾದರೂ ಹಂಚಿರಿ ಅಂತ ಬಿಟ್ಟಿದ್ದರಂತೆ, ಹಾಗಾಗಿ ಕಳವಲ್ಲ. ಮೂರು ಸಿಡಿ, ಜೊತೆಗೆ ರಸೀದಿ. ಅಕ್ಕೋರು ಮನಿ ಆರ್ಡರ್ ಮಾಡಿ ಬಂದರು.

ಆಮೇಲೆ ಕಾಯುವ ಕೆಲಸ. ಒಂದು ವಾರ, ಎರಡು ವಾರ. ಜಡಿಮಳೆ ಹಿಡಿಯಿತು. ಅಕ್ಕೋರು ದಿನಾ ಕೊಡೆ ಹಿಡಿದು ಟಪಾಲು ಕಚೇರಿಗೆ ಹೋಗಿ ಬರುತ್ತಿದ್ದರು. ನಮ್ಮ ಓಣಿಯ ಟಪಾಲಿನವನು ದೂರದಿಂದಲೇ, "ನಿಮ್ಮ ನೆಂಟ್ರು ಇನ್ನ ಗಾಡಿ ಇಳದಿಲ್ರಿ" ಅನ್ನುತ್ತಿದ್ದ. ಸಿಡಿಗಿಂತ ಮೊದಲು ಬಂದದ್ದು ಆಫೀಸಿನ ಕಾಗದ: ಬರುವ ಗುರುವಾರ ತಪಾಸಣೆಗೆ ಬರುತ್ತೇವೆ, ಎಲ್ಲ ಮಷೀನು ಚಾಲೂ ಇರಬೇಕು.

ಆ ವಾರದ ಸೋಮವಾರ ಅಕ್ಕೋರು ಯಾವುದೋ ಅರ್ಜಿಗೆ ಸಹಿ ಹಾಕಿಸಲು ಹಾವೇರಿಗೆ ಹೋದರು. ಅವರು ಹೋದ ಮೇಲೆ ಟಪಾಲಿನವನು ಬಂದ. ಅವನ ಚೀಲ ತೊಯ್ದು ತಪ್ಪಡಿಯಾಗಿತ್ತು. ಪಾಕೀಟು ನನ್ನ ಕೈಗೆ ಕೊಟ್ಟ, ಅದರ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಹಿ ಹಾಕಿದೆ. ನಾನು ಓದಿದ್ದು ಮೂರನೇ ಇಯತ್ತೆ, ಹೆಸರು ಬರೆಯಲು ಅಷ್ಟು ಸಾಕು.

ಪಾಕೀಟನ್ನು ಹಾಗೇ ಇಟ್ಟಿದ್ದರೆ ಈ ಕಥೆ ಇಲ್ಲಿ ಮುಗಿಯುತ್ತಿತ್ತು. ಒಡೆದೆ. ಕಾಗದದ ಚೀಲಗಳಲ್ಲಿ ಮೂರು ಸಿಡಿ, ಕಾಗದ ನೆನೆದು ಮೈಗೆ ಅಂಟಿತ್ತು. ರಸೀದಿ ಒಂದು ಪ್ಲಾಸ್ಟಿಕ್ ಹಾಳೆಯೊಳಗೆ ಒಣಗೇ ಇತ್ತು. ನಮ್ಮ ಮನೆಯಲ್ಲಿ ಒಲೆಯ ಮೇಲೆ ಬಿದಿರಿನ ತಟ್ಟಿ ತೂಗುಹಾಕಿದ್ದೆವು. ಮಳೆಗಾಲದಲ್ಲಿ ಹಸಿಯಾಗಿ ಬಂದದ್ದೆಲ್ಲ ಮೊದಲು ಅಲ್ಲಿಗೇ ಹೋಗುತ್ತಿತ್ತು: ಕಡ್ಡಿಪೆಟ್ಟಿಗೆ, ಬೀಜದ ಗೋವಿನಜೋಳ, ಮಕ್ಕಳ ಅಂಗಿ, ಒಮ್ಮೆ ರೇಷನ್ ಕಾರ್ಡು. ನನ್ನ ಅತ್ತೆ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ, ಯಾವತ್ತೂ ಏನೂ ಕೆಟ್ಟಿರಲಿಲ್ಲ. ಯೋಚನೆ ಮಾಡಬೇಕು ಅಂತಲೂ ಅನ್ನಿಸಲಿಲ್ಲ. ಮೂರನ್ನೂ ತಟ್ಟಿಯ ಮೇಲೆ ಹರವಿ ಕೆಳಗೆ ರೊಟ್ಟಿ ಬಡಿಯಲು ಕುಳಿತೆ.

ಹತ್ತು ರೊಟ್ಟಿ ಆಗಿರಬಹುದು, ವಾಸನೆ ಬಂತು. ಎದ್ದು ತೆಗೆದೆ. ಅಂಚಿನಲ್ಲಿದ್ದ ಎರಡು ಸರಿಯಾಗಿದ್ದವು. ನಡುವೆ ಇದ್ದದ್ದು ಹಪ್ಪಳದ ಹಾಗೆ ಒಂದು ಕಡೆ ಎದ್ದಿತ್ತು. ಬೆಚ್ಚಗಿರುವಾಗಲೇ ಸರಿ ಮಾಡೋಣ ಅಂತ ಕಲ್ಲಿನ ಮೇಲಿಟ್ಟು ತುಂಬಿದ ಕೊಡ ಹೇರಿದೆ. ಕೊಡ ಇಳಿಸಿದಾಗ ಸಿಡಿ ನೇರವಾಗಿತ್ತು, ಹೊಳೆಯುವ ಮೈ ಮಾತ್ರ ತರಚಿತ್ತು. ಒಂದು ತಪ್ಪಿನ ಮೇಲೆ ಇನ್ನೊಂದು.

ಸಂಜೆ ಅಕ್ಕೋರು ಬಸ್ಸಿಳಿದು ಬಂದರು. ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ಅಕ್ಕೋರ, ನಿಮ್ಮ ಸಿಡಿ ಬಂದಿದ್ದವು. ತೊಯ್ದಿದ್ವು. ಒಲಿ ಮ್ಯಾಲ ಒಣಾ ಹಾಕಿದ್ನಿ. ಒಂದ ಸುಟ್ಟೇನಿ." ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಹೇಳಿಬಿಟ್ಟರೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅವರು ಸಿಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ನಡೀತದೇನೋ ನೋಡೋಣಂತ" ಅಂದರು, ಅಷ್ಟೇ.

ಮರುದಿನ ಬೆಳಿಗ್ಗೆ ಮೊದಲನೆಯ ಸಿಡಿ ಹಾಕಿದರು. ಕರಿ ಪರದೆ ಹೋಗಿ ನೀಲಿ ಬಂತು, ಒಂದು ಪಟ್ಟಿ ನಿಧಾನವಾಗಿ ತುಂಬುತ್ತ ಹೋಯಿತು. ಅಕ್ಕೋರು ಉಸಿರು ಹಿಡಿದು ನೋಡುತ್ತಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ. ಪಟ್ಟಿ ಅರ್ಧಕ್ಕೆ ನಿಂತು, ಎರಡನೆಯದನ್ನು ಹಾಕಿ ಅಂದಿತು. ನಾನು ಸುಟ್ಟದ್ದು ಎರಡನೆಯದೇ. ಹಾಕಿದರು. ಮಷೀನು ಒಳಗೆ ಗರ ಗರ ಅಂದು, ಹೊರಗೆ ಉಗುಳಿ, ಮತ್ತೆ ಎರಡನೆಯದನ್ನು ಹಾಕಿ ಅಂದಿತು. ಎಷ್ಟು ಸಲ ಹಾಕಿದರೂ ಅದೇ. ಎದುರಿಗೆ ಕೊಟ್ಟರೂ ಬಂದಿಲ್ಲ ಬಂದಿಲ್ಲ ಅನ್ನುವ ಅದಕ್ಕೆ ಏನು ಮಾಡುವುದು? ಒಬ್ಬ ವಿದ್ಯಾರ್ಥಿನಿ ಪೇಸ್ಟ್ ಹಚ್ಚಿ ಒರೆಸಿದರೆ ತರಚು ಹೋಗುತ್ತದೆ ಅಂದಳು. ನಮ್ಮ ಮನೆಯಲ್ಲಿ ಹಲ್ಲುಪುಡಿ, ಅಂಗಡಿಗೆ ಹೋಗಿ ಪೇಸ್ಟು ತಂದೆ. ಅಕ್ಕೋರು ಬೆರಳಿನಿಂದ ಮೆಲ್ಲಗೆ ಹಚ್ಚಿ, ತೊಳೆದು, ಸೀರೆಯ ಸೆರಗಿನಿಂದ ಒರೆಸಿದರು. ಖೋಲಿಯೆಲ್ಲ ಪುದೀನದ ವಾಸನೆ ಆಯಿತು, ಬೇರೇನೂ ಆಗಲಿಲ್ಲ.

ಎಸ್‌ಟಿಡಿ ಬೂತಿನಿಂದ ವ್ಯಾಪಾರಿಗೆ ಫೋನ್ ಮಾಡಿದೆವು. ಅವನ ಮನೆಯವಳು ಎತ್ತಿಕೊಂಡಳು. ಒಳ್ಳೆಯ ಹೆಣ್ಣುಮಗಳು, ಅಕ್ಕೋರು ಹಿಂದಿಯಲ್ಲಿ ಮಾತಾಡಿದರು. ಇನ್ನೊಂದು ಕಳಿಸುತ್ತೇವೆ, ಇವತ್ತೇ ಟಪಾಲಿಗೆ ಹಾಕುತ್ತೇವೆ ಅಂದಳಂತೆ. ಇವತ್ತು ಹಾಕಿದರೂ ಗುರುವಾರಕ್ಕೆ ಬರುವುದಿಲ್ಲ ಅಂತ ಅವಳಿಗೂ ಗೊತ್ತು, ನಮಗೂ ಗೊತ್ತು. ಅಕ್ಕೋರು ಹಾವೇರಿಯಲ್ಲಿ ಗೊತ್ತಿದ್ದವರನ್ನೂ ಕೇಳಿದರು. ಅಂಥ ಸಿಡಿಯ ಹೆಸರನ್ನೇ ಯಾರೂ ಕೇಳಿರಲಿಲ್ಲ.

ಬುಧವಾರ ನಾನೇ ಹೇಳಿದೆ. "ರಸೀದಿ ಕೈಯಾಗೈತಿ. ಬಸ್‌ಸ್ಟ್ಯಾಂಡಿನಾಂವನ್ನ ಕರೀರಿ, ಅವನ ಸಿಡಿ ಹಾಕಸ್ರಿ, ಈ ರಸೀದಿ ತೋರಸ್ರಿ. ಒಂದ ದಿನದ ಮಾತು. ಬಂದಾವ್ರು ಏನ ಮಷೀನಿನ ಹೊಟ್ಟಿ ಸೀಳಿ ನೋಡ್ತಾರ?"

"ನೋಡೂದಿಲ್ಲ ಅಂತ ನನಗೂ ಗೊತ್ತದ" ಅಂದರು.

"ಮತ್ತ?"

"ಹುಡುಗ್ಯಾರು ನೋಡ್ತಾರಲ್ರಿ ಅವ್ವಾರ. ಪೇಸ್ಟ್ ಹಚ್ಚಿ ತಿಕ್ಕಿದ್ದು ಅವರ ಎದುರಿಗೇ."

ನನಗೆ ಕೆಂಡದಂಥ ಸಿಟ್ಟು ಬಂತು. ತಪ್ಪು ನನ್ನದು, ದಾರಿ ತೋರಿಸಿದವಳೂ ನಾನು, ಇವರು ಹೀಗೆ ಕೂತರೆ ನಾನೇನು ಮಾಡಲಿ? "ನಿಮ್ಮ ನೇಮ ನೀವ ಕಟಗೊಂಡ ಕುಂದರ್ರಿ" ಅಂದು ಒಳಗೆ ಬಂದೆ.

ಗುರುವಾರ ಇಬ್ಬರು ಬಂದರು. ಹುಡುಗಿಯರಿಗೆ ಅಕ್ಕೋರು ಅವತ್ತು ರಜೆ ಕೊಟ್ಟಿದ್ದರು. ಅಕ್ಕೋರು ಮೂರು ಮಷೀನನ್ನೂ ಒರೆಸಿಟ್ಟಿದ್ದರು. ಮೂರೂ ಪರದೆಯ ಮೇಲೆ ಅದೇ ಮಾತು: ಎರಡನೆಯದನ್ನು ಹಾಕಿ. ನಾನು ಚಹಾ ತಂದವಳು ಅಲ್ಲೇ ನಿಂತೆ. "ಸಾಹೇಬ್ರ, ಅಕ್ಕೋರದ ಏನೂ ತಪ್ಪಿಲ್ರಿ. ಸಿಡಿ ಸುಟ್ಟಾಕಿ ನಾನು. ಎಂಟ ದಿನದಾಗ ಬ್ಯಾರೇದು ಬರತೈತ್ರಿ" ಅಂದೆ. ಹಿರಿಯನಾದವನು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದ. "ನೋಡವ್ವ, ಮಷೀನ್ ಚಾಲೂ ಐತೋ ಇಲ್ಲೋ, ಇಷ್ಟ ಬರಕೋಬೇಕು. ಯಾಕ ಇಲ್ಲ ಅನ್ನೂದ ಬರ್ಯಾಕ ಇದರಾಗ ಜಾಗಾನ ಇಲ್ಲ." ನಾನು ಆ ಹಾಳೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದೆ. ನಿಜವಾಗಿಯೂ ಜಾಗ ಇರಲಿಲ್ಲ.

ಎಂಟು ದಿನದ ಮೇಲೆ ಹೊಸ ಸಿಡಿ ಬಂತು. ಈ ಸಲ ನಾನು ಮುಟ್ಟಲಿಲ್ಲ. ಟಪಾಲಿನವನಿಗೆ, ಅವರ ಕೈಯಲ್ಲೇ ಕೊಡು ಅಂದೆ. ಮೂರೂ ಮಷೀನು ನಡೆದವು, ಬಹಳ ದಿನ ಚೆನ್ನಾಗಿಯೇ ನಡೆದವು. ಆದರೆ ಪರವಾನಗಿ ತಾಲೂಕಿಗೆ ಒಂದೇ, ಆ ವರ್ಷದ್ದು ರಟ್ಟೀಹಳ್ಳಿಯ ಒಂದು ದೊಡ್ಡ ಕ್ಲಾಸಿಗೆ ಹೋಗಿತ್ತು, ಮುಂದಿನ ವರ್ಷವೂ ಅವರಿಗೇ ಹೋಯಿತು. ಪರೀಕ್ಷೆ ಎಲ್ಲಿದೆಯೋ ಅಲ್ಲಿಗೆ ಹುಡುಗಿಯರು ಹೋದರು, ಹೋಗಲು ಬಿಡದ ಮನೆಯವರು ಮದುವೆ ಮಾಡಿದರು. ಕೊನೆಗೆ ನಾಲ್ಕು ಜನ ಉಳಿದರು, ಆಮೇಲೆ ಒಬ್ಬಳು. ಆ ಒಬ್ಬಳಿಗೂ ಅಕ್ಕೋರು ಏಳಕ್ಕೆ ಸರಿಯಾಗಿ ಬಾಗಿಲು ತೆರೆಯುತ್ತಿದ್ದರು.

ಅದಾದ ಮೇಲೂ ಒಂದೂವರೆ ವರ್ಷ ಅವರು ನಮ್ಮ ಮನೆಯಲ್ಲೇ ಇದ್ದರು. ಒಂದು ದಿನವೂ ಸಿಡಿಯ ಮಾತು ಎತ್ತಲಿಲ್ಲ. ನಾನು ಬೈಗುಳಕ್ಕೆ ಕಾದಿದ್ದೆ. ಜಗಳವಾಡಿದ್ದರೆ ನಾನೂ ಎದುರಾಡಿ ಮುಗಿಸುತ್ತಿದ್ದೆ, ಅದು ನನಗೆ ಬರುವ ವಿದ್ಯೆ. ಬೈಯದವರ ಎದುರಿಗೆ ಏನು ಮಾಡಬೇಕು ಅಂತ ನನಗೆ ಇವತ್ತಿಗೂ ತಿಳಿಯದು. ಕೊನೆಗೆ ಅವರ ತಮ್ಮ ಬಂದು ಸವಣೂರಿಗೆ ಕರೆದುಕೊಂಡು ಹೋದ. ಟೈಪ್‌ರೈಟರುಗಳು ಗುಜರಿಗೆ ಹೋದವು. ಬಸ್ಸು ಹತ್ತುವಾಗ, "ಬರ್ತೇನ್ರಿ ಅವ್ವಾರ" ಅಂದರು. ಬರಲಿಲ್ಲ. ನಾನೂ ಹೋಗಲಿಲ್ಲ. ಸವಣೂರು ಏನು ದೂರ? ಮುಖ ಇರಲಿಲ್ಲ, ಅದಕ್ಕೆ ಹೋಗಲಿಲ್ಲ.

ಮುಚ್ಚಳದ ವಾಸನೆ ಬಂದ ಮೂರು ದಿನಕ್ಕೆ ಅಕ್ಕಿಆಲೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದ ಹೆಣ್ಣುಮಗಳು ನನ್ನ ಗುರುತು ಹಿಡಿದಳು. ಅಕ್ಕೋರ ಹತ್ತಿರ ಕಲಿತವಳು, ಈಗ ಹಾನಗಲ್ಲಿನ ಯಾವುದೋ ಆಫೀಸಿನಲ್ಲಿದ್ದಾಳೆ. ಅಕ್ಕೋರು ಹೇಗಿದ್ದಾರೆ ಅಂತ ಕೇಳಿದೆ. ತೀರಿಕೊಂಡು ಎರಡು ವರ್ಷ ಆಯಿತು ಅಂದಳು. ನನ್ನ ಎಲೆಯ ಮೇಲೆ ಯಾರೋ ಸಾರು ಬಡಿಸಿದರು.

ಅವಳೇ ಮಾತು ಮುಂದುವರಿಸಿದಳು. "ಪಾಪ, ಆ ಟಪಾಲಿನವ್ರು ಸಿಡಿ ಹಾಳ ಮಾಡಿ ತಂದ ಕೊಟ್ರಲ್ರಿ, ಅಲ್ಲಿಗೆ ಅಕ್ಕೋರ ಕ್ಲಾಸ ಮುಗೀತು."

"ಟಪಾಲಿನವ್ರು ಅಂತ ಯಾರ ಹೇಳಿದ್ರು?"

"ಅಕ್ಕೋರ ಹೇಳಿದ್ರಲ್ರಿ. ನಮಗೆಲ್ಲಾ ಕುಂದರಿಸಿ ಹೇಳಿದ್ರು."

"ಟಪಾಲಿನವ್ರಲ್ಲವ್ವ. ಸುಟ್ಟಾಕಿ ನಾನು" ಅಂದೆ. ಅವಳು ನನ್ನನ್ನು ನೋಡಿದಳು, ಮುದುಕಿ ಏನೋ ಅನ್ನುತ್ತಾಳೆ ಅನ್ನುವ ಹಾಗೆ ನಕ್ಕಳು, ಕೈ ತೊಳೆಯಲು ಎದ್ದು ಹೋದಳು.

ಒಂದು ದಿನದ ಮಟ್ಟಿಗೆ ಕದ್ದ ಸಿಡಿ ಹಾಕಲು ಒಪ್ಪದ ಹೆಂಗಸು ನನ್ನ ಸಲುವಾಗಿ ಅಷ್ಟು ಹುಡುಗಿಯರಿಗೆ ಸುಳ್ಳು ಹೇಳಿದ್ದರು. ನನಗೆ ತಿಳಿಸಲೂ ಇಲ್ಲ. ತಿಳಿಸಿದ್ದರೆ ಅವತ್ತೇ ಆ ಖೋಲಿಯಲ್ಲಿ ನಿಂತು ಸುಳ್ಳನ್ನು ಒಡೆಯುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು. ಈಗ ಒಬ್ಬಳಿಗೆ ಹೇಳಿದೆ, ಅವಳು ನಂಬಲಿಲ್ಲ. ಉಳಿದವರು ಯಾವ ಯಾವ ಊರಿನಲ್ಲಿ ಸಂಸಾರ ಮಾಡುತ್ತಿದ್ದಾರೋ... ಅವರೆಲ್ಲ ಇನ್ನೂ ಟಪಾಲಿನವನನ್ನೇ ಬೈಯುತ್ತಿರುತ್ತಾರೆ.