ವ್ಯೋಮನೌಕೆಯ ಸರಕಿಗೆ ದಾರಿ ಅಕ್ಕನ ನಿಯಮ

ಬೆಳಗಿನ ಐದೂವರೆ. ಗೋದಾಮಿನ ಕಬ್ಬಿಣದ ಬಾಗಿಲು ಕಿರುಗುಟ್ಟುತ್ತ ಮೇಲೇರುತ್ತದೆ. ಮೊದಲ ಲಾರಿ ಹಿಮ್ಮುಖವಾಗಿ ಬಂದು ನಿಲ್ಲುವ ಹೊತ್ತಿಗೆ ಐವತ್ತನಾಲ್ಕರ ಹೆಂಗಸೊಬ್ಬರು ಬಾಗಿಲಿನಿಂದ ಹಿಂಗೋಡೆಯವರೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು ಮುಗಿಸಿರುತ್ತಾರೆ. "ಇದರೊಳಗೆ ಕಾಲಿಡಿ, ಪೆಟ್ಟಿಗೆ ಇಡಬೇಡಿ," ಎನ್ನುತ್ತಾರೆ. ದಿನಕ್ಕೆ ಹನ್ನೊಂದು ಲಾರಿ, ಹತ್ತಿರ ಹತ್ತಿರ ಒಂಬೈನೂರು ಪೆಟ್ಟಿಗೆ. ಯಾವುದು ಎಲ್ಲಿ, ಯಾವುದರ ಮೇಲೆ ಯಾವುದು ಎಂದು ಹೇಳುವುದು ಅವರ ಕೆಲಸ. ಮೂವತ್ತೊಂದು ವರ್ಷ "ದಾರಿ ಬಿಡ್ರಪ್ಪಾ" ಎಂದು ಕೂಗಿ ಕೂಗಿ ಅವರ ಹೆಸರೇ ದಾರಿ ಅಕ್ಕ ಎಂದಾಗಿದೆ.

ಅವರ ಇನ್ನೊಂದು ಕೆಲಸ ಗೋದಾಮಿನಲ್ಲಿ ಯಾರಿಗೂ ಗೊತ್ತಿಲ್ಲ. ಭಾನುವಾರ ಮಧ್ಯಾಹ್ನ ಅವರ ಊಟದ ಮೇಜಿನ ಸುತ್ತ ಐವರು ಕೂರುತ್ತಾರೆ: ಶಾಲಾ ಮೇಷ್ಟ್ರಾಗಿರುವ ಅಣ್ಣನ ಮಗ, ಅವನ ನಾಲ್ವರು ಸ್ನೇಹಿತರು. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ಬಾಯಲ್ಲೇ ಕತೆ ಕಟ್ಟುತ್ತ, ದಾಳ ಉರುಳಿಸುತ್ತ ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸುವ ಆಟ ಅದು. ನೌಕೆ ಎಂಬತ್ತು ಟನ್ ಹೊರುತ್ತದೆ ಎಂದಷ್ಟೇ ಆಟದ ಪುಸ್ತಕ ಹೇಳುತ್ತದೆ.

ನಾಲ್ಕು ವರ್ಷದ ಹಿಂದೆ ಚಹಾ ತಂದಿಟ್ಟ ಅಕ್ಕ ಕೇಳಿದರಂತೆ: "ಎಂಬತ್ತು ಟನ್ನು ಸರಿ, ಬಾಗಿಲು ಎಷ್ಟಗಲ?"

ಐವರೂ ಪುಸ್ತಕ ತಿರುವಿದರು; ಬಾಗಿಲಿನ ಅಳತೆ ಎಲ್ಲೂ ಇರಲಿಲ್ಲ. ಅಂದಿನಿಂದ ಸರಕಿನ ವಿಚಾರದಲ್ಲಿ ಅವರದೇ ತೀರ್ಪು. ಹಳೆಯ ಲೋಡಿಂಗ್ ಚೀಟಿಗಳ ಬೆನ್ನಿಗೆ ಬರೆದ ಮನೆ ನಿಯಮಗಳು ಈಗ ಆರು ಹಾಳೆ. ಚೌಕುಳಿ ಕಾಗದದಲ್ಲಿ ಒಂದು ಚೌಕ ಒಂದು ಟನ್. ಕೊನೆಗೆ ಇಳಿಯಬೇಕಾದ್ದು ಮೊದಲು ಒಳಗೆ. ಆಮ್ಲದ ಪಕ್ಕ ಆಹಾರ ಕೂಡದು. ಬಾಗಿಲಿನಿಂದ ಹಿಂಗೋಡೆಯವರೆಗೆ ಒಂದು ಚೌಕದಗಲ ದಾರಿ ಖಾಲಿ ಇರಬೇಕು. ಅಲ್ಲಿಟ್ಟ ಪ್ರತಿ ಪೆಟ್ಟಿಗೆ ಸರಿಸಲು ಒಂದು ಸರದಿ ಹೋಗುತ್ತದೆ.

ಕಳೆದ ವರ್ಷ, ಪಿಡುಗು ಬಡಿದ ಗ್ರಹವೊಂದಕ್ಕೆ ಔಷಧ ಒಯ್ಯುವಾಗ, ಕಪ್ತಾನನಾಗಿದ್ದ ಸೋದರಳಿಯ ಆ ದಾರಿಯಲ್ಲೂ ಎಂಟು ಪೆಟ್ಟಿಗೆ ತುಂಬಿದ. ಸರಕುಕೋಣೆಗೆ ಬೆಂಕಿ ಬಿತ್ತು. ಹಿಂದೆ ಸಿಕ್ಕಿಬಿದ್ದ ನೌಕೆಯ ಮೆಕ್ಯಾನಿಕ್‌ನನ್ನು ತಲುಪಲು ಎಂಟು ಸರದಿ ಬೇಕು. ಗಾಳಿ ಇದ್ದದ್ದು ಐದು ಸರದಿಗೆ. ಮೆಕ್ಯಾನಿಕ್ ಉಳಿಯಲಿಲ್ಲ ಎಂದು ಅಕ್ಕ ತೀರ್ಪು ಕೊಟ್ಟರು. ಎರಡು ವರ್ಷದಿಂದ ಆ ಪಾತ್ರ ಆಡುತ್ತಿದ್ದ ಹುಡುಗಿ ಕಣ್ಣೊರೆಸಿಕೊಂಡಳು.

"ಅತ್ತೆ, ಔಷಧಿ ಅಲ್ವಾ? ಒಂದ್ಸಲ ಬಿಟ್ಬಿಡಿ. ಇದು ಬರೀ ಆಟ," ಎಂದ ಸೋದರಳಿಯ.

ಅಕ್ಕ ಪೆನ್ಸಿಲು ಕೆಳಗಿಟ್ಟರು. "ನಿಮ್ಮಪ್ಪ ಹೋದ ದಿನಾನೂ ನಾನು ಹೀಗೇ ಅಂದಿದ್ದೆ ಕಣೋ. ಒಂದ್ಸಲ ತಾನೆ, ದಾರೀಲೇ ಇಡಿ ಅಂತ."

ಅವನಿಗೆ ಆಗ ನಾಲ್ಕು ವರ್ಷ. ಅಣ್ಣ ತಂಗಿ ಇದೇ ಗೋದಾಮಿನಲ್ಲಿದ್ದರು. ಸಂಜೆ ಬಂದ ಹೆಚ್ಚಿನ ಲೋಡನ್ನು ದಾರಿಯಲ್ಲಿ ಇಳಿಸಲು ಒಪ್ಪಿದ್ದು ತಂಗಿ. ಹಿಂಗೋಡೆ ಬದಿಯ ಪೆಟ್ಟಿಗೆ ಸಾಲು ಕುಸಿದಾಗ ಅಣ್ಣ ಅದರಡಿ ಇದ್ದರು. ದಾರಿಯಲ್ಲಿದ್ದ ಪೆಟ್ಟಿಗೆ ಸರಿಸಿ ತಲುಪಲು ನಲವತ್ತು ನಿಮಿಷ ಹಿಡಿಯಿತು. ಸಾಲು ಕುಸಿದದ್ದಷ್ಟೇ ಮನೆಯವರಿಗೆ ಗೊತ್ತಿತ್ತು. ದಾರಿಯ ಮಾತನ್ನು ಅಕ್ಕ ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದರು.

"ಅಣ್ಣ ಒಳಗಿಂದ ನನ್ನನ್ನೇ ಕರೀತಿದ್ದ. ಕೇಳಿಸ್ತಿತ್ತು," ಎನ್ನುವಾಗ ಅವರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಸೋದರಳಿಯ ಅಂದು ಎದ್ದು ಹೋದ. ಮೂರು ಭಾನುವಾರ ಮೇಜು ಖಾಲಿ. ನಾಲ್ಕನೆಯದಕ್ಕೆ ಒಬ್ಬನೇ ಬಂದ.

"ಅಪ್ಪ ನಿಮ್ಮನ್ನ ಏನಂತ ಕರೀತಿದ್ರು?"

"ಪುಟ್ಟೀ ಅಂತ."

ಅವನು ಮನೆ ನಿಯಮಗಳ ಹಾಳೆಗಳನ್ನು ಹತ್ತಿರಕ್ಕೆಳೆದುಕೊಂಡ. ಆಮೇಲೆ ಹೊಸ ಹಾಳೆ ತೆಗೆದು ಆರೂ ಪುಟವನ್ನು ತನ್ನ ಮೇಷ್ಟ್ರ ಅಕ್ಷರದಲ್ಲಿ ನಕಲು ಮಾಡಿದ. ದಾರಿಯ ನಿಯಮ ಮೊದಲನೆಯದಾಯಿತು. ಮೆಕ್ಯಾನಿಕ್‌ನನ್ನು ಬದುಕಿಸಿ ಎಂದು ಮತ್ತೆ ಕೇಳಲಿಲ್ಲ. ಆ ನಕಲು ಹಿಡಿದು ಊರಿನ ಇನ್ನೂ ಮೂರು ಮನೆಗಳಲ್ಲಿ ಈಗ ಆಟ ನಡೆಯುತ್ತದೆ.

ಆಟಕ್ಕೆ ಇಷ್ಟು ಕಟ್ಟುನಿಟ್ಟು ಬೇಕೇ ಎಂದರೆ ಅಕ್ಕ ಹೇಳುತ್ತಾರೆ: "ಆಟದಲ್ಲಿ ಸತ್ತೋರು ಮುಂದಿನ ವಾರ ಬೇರೆ ಹೆಸರಿಟ್ಕೊಂಡು ಬಂದು ಕೂರ್ತಾರೆ. ತಪ್ಪು ಮಾಡೋದಿದ್ರೆ ಅಲ್ಲೇ ಮಾಡಿ ಮುಗಿಸ್ಲಿ."